ಹಸಿರುಗಿರಿಗೆ ಆನೆ ಬಂದ ಭಾನುವಾರ

ಗೊಬ್ಬರದ ಚೀಲ ಸ್ಕೂಟರಿನ ಸೈಲೆನ್ಸರಿಗೆ ತಾಗಿ ತೂತಾದದ್ದು ಚಿದಾನಂದನಿಗೆ ಗೊತ್ತೇ ಆಗಲಿಲ್ಲ. ಬಿಟ್ಟಂಗಾಲದಿಂದ ಮೂರ್ನಾಡು ದಾಟುವವರೆಗೂ ಚೀಲದೊಳಗಿನ ಸರಕು ಒಂದನ್ನೊಂದು ಒತ್ತಿಕೊಂಡು ಸುಮ್ಮನೆ ಕೂತಿತ್ತು. ಮಡಿಕೇರಿಗೆ ಇನ್ನೂ ಒಂದಿಷ್ಟು ದೂರ ಇರುವಾಗಲೇ ಬಲಕ್ಕೆ ತಿರುಗಿ ಹಸಿರುಗಿರಿ ಬಡಾವಣೆಯ ಏರು ಹತ್ತತೊಡಗಿದ್ದೇ ತಡ, ಸ್ಕೂಟರು ಮೂತಿ ಎತ್ತಿದಾಗಲೆಲ್ಲ ಒಂದೊಂದೇ ಹಿಂದಕ್ಕೆ ಜಾರಿ ರಸ್ತೆಗೆ ಉದುರಿತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅವನಿಗೆ ತನ್ನ ಮೂಗಿನ ತುದಿಯೇ ಪಕ್ಕದ ಮನೆಯವರದ್ದರ ಹಾಗೆ ಕಾಣುತ್ತಿತ್ತು. ಹಿಂತಿರುಗಿ ನೋಡುವ ಮಾತೆಲ್ಲಿ?

ಚೀಲದಲ್ಲಿದ್ದದ್ದು ಆನೆ ಲದ್ದಿ. ಹೆಂಡತಿ ಕುಸುಮಾಳ ಆಂಥೂರಿಯಂ ಗಿಡಗಳು ಎರಡು ವರ್ಷದಿಂದ ಎಲೆ ಬಿಟ್ಟವೇ ಹೊರತು ಹೂ ಬಿಟ್ಟಿರಲಿಲ್ಲ. ಅದಕ್ಕೆ ಆನೆ ಲದ್ದಿಯೇ ಮದ್ದು ಎಂದು ಯಾರೋ ಅವಳ ಕಿವಿಯಲ್ಲಿ ಹಾಕಿದ್ದರು. ಅವಳ ತಮ್ಮ ಕಿರಣ್‌ಕುಮಾರ್ ಬಿಟ್ಟಂಗಾಲದ ಕಾಫಿ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್. ಅಲ್ಲಿ ಆಳುಗಳ ಹಾಜರಿ ತಪ್ಪಿದರೂ ಆನೆಯ ಹಾಜರಿ ತಪ್ಪುವುದಿಲ್ಲ. ಶನಿವಾರ ಹೋಗಿ ಅಲ್ಲೇ ಉಳಿದು, ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೊರಟು, ಬಡಾವಣೆ ಏಳುವಷ್ಟರಲ್ಲಿ ಮನೆ ಸೇರಿಬಿಡಬೇಕೆಂದು ಚಿದಾನಂದ ಅಂದುಕೊಂಡಿದ್ದ.

ಈ ಗುಟ್ಟಿಗೆ ಕಾರಣವಿತ್ತು. ಅವನು ಬಡಾವಣೆಯ ಸಂಘದ ಕಾರ್ಯದರ್ಶಿ. ಹೋದ ತಿಂಗಳಷ್ಟೇ ಎದುರು ಮನೆಯ ಮೊಣ್ಣಪ್ಪನವರು ತಮ್ಮ ಹಿತ್ತಲಿಗೆ ಒಂದು ಪಿಕಪ್ ಸೆಗಣಿ ತರಿಸಿದಾಗ, "ಬಡಾವಣೆಯೊಳಗೆ ಯಾವುದೇ ಪ್ರಾಣಿಯ ಸೆಗಣಿಯನ್ನು ತರತಕ್ಕದ್ದಲ್ಲ" ಎಂದು ಬರೆದು, ಸಹಿ ಹಾಕಿ, ನೋಟಿಸ್ ಬೋರ್ಡಿಗೆ ಅಂಟಿಸಿದವನು ಅವನೇ. 'ಯಾವುದೇ' ಎಂಬಲ್ಲಿ ಕೆಳಗೆ ಗೆರೆಯನ್ನೂ ಎಳೆದಿದ್ದ. ಮೊಣ್ಣಪ್ಪನವರು ಮಿಲಿಟರಿಯಲ್ಲಿ ಇದ್ದವರು. ಆರ್ಡರ್ ಅಂದಮೇಲೆ ಆರ್ಡರ್ ಎಂದು ಮರುಮಾತಾಡದೆ ಪಿಕಪ್ಪನ್ನು ವಾಪಸು ಕಳಿಸಿದ್ದರು.

ಹಸಿರುಗಿರಿಯಲ್ಲಿ ಗುಟ್ಟು ಉಳಿಸಿಕೊಳ್ಳುವುದೂ ಸುಲಭವಲ್ಲ. ಅದು ಮೊದಲು ಕಾಫಿ ತೋಟ. ಬೆಟ್ಟದ ಬುಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮೂವತ್ತು ಮನೆ ಎಬ್ಬಿಸಿದ್ದರು. ಒಬ್ಬರ ತಾರಸಿ ಇನ್ನೊಬ್ಬರ ಅಂಗಳದ ಮಟ್ಟಕ್ಕೆ. ಕೆಳಗಿನ ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೇಲಿನ ಮನೆಯವರು ಸೀನುತ್ತಿದ್ದರು; ಮೇಲಿನ ಮನೆಯಲ್ಲಿ ಜಗಳವಾದರೆ ಕೆಳಗಿನವರು ಟೀವಿಯ ಸದ್ದು ತಗ್ಗಿಸುತ್ತಿದ್ದರು. ರಸ್ತೆಯುದ್ದಕ್ಕೂ ಆರು ವರ್ಷದ ಹಿಂದೆ ನೆಟ್ಟ ಕಂಬಗಳಿದ್ದವು, ಒಂದಕ್ಕೂ ದೀಪವಿರಲಿಲ್ಲ. ದೀಪಕ್ಕಾಗಿ ಹನ್ನೊಂದು ಮನವಿ ಬರೆದು ಚಿದಾನಂದನ ಅಕ್ಷರ ದುಂಡಗಾಗಿತ್ತು, ಬಂದ ಲಾಭ ಅಷ್ಟೇ. ರಸ್ತೆ ಮುಗಿಯುವಲ್ಲಿ ಒಂದು ಹಿಂದಿನ ಗೇಟು. ಅದರಾಚೆ ಇನ್ನೂ ಉಳಿದಿರುವ ತೋಟ, ತೋಟದೊಳಗೆ ಆಳುಗಳ ಲೈನು ಮನೆಗಳು.

"ಅರ್ಧ ಚೀಲ ಅಷ್ಟೇ ಕೊಟ್ಟನಾ? ನನ್ನ ತಮ್ಮ ಲದ್ದಿಯಲ್ಲಿ ಕೂಡ ಜಿಪುಣತನ ಮಾಡುವವನಲ್ಲವಲ್ಲ" ಎಂದು ಕುಸುಮಾ ಚೀಲ ಎತ್ತಿ ನೋಡುತ್ತಿರುವಾಗಲೇ ಚಿದಾನಂದನ ಫೋನು ಗುಂಯ್ ಎಂದಿತು. ಬಡಾವಣೆಯ ವಾಟ್ಸಾಪ್ ಗುಂಪಿಗೆ ಸಂಘದ ಅಧ್ಯಕ್ಷ ಶಿವಶಂಕರಪ್ಪನವರ ಸಂದೇಶ. ಅವರು ಶನಿವಾರಸಂತೆ ಕಡೆಯ ದಿನಸಿ ವ್ಯಾಪಾರಿ, ಬಡಾವಣೆಯ ಮೊದಲನೇ ಮನೆಯವರು. "ಬಡಾವಣೆಗೆ ಆನೆ ಬಂದಿದೆ. ಯಾರೂ ಮನೆಯಿಂದ ಹೊರಗೆ ಬರಬಾರದು." ಕೆಳಗೆ ಒಂದು ಲದ್ದಿ ಉಂಡೆಯ ಫೋಟೋ, ಅಳತೆ ತಿಳಿಯಲೆಂದು ಪಕ್ಕದಲ್ಲಿ ಅವರದೇ ಚಪ್ಪಲಿ.

ಹತ್ತೇ ನಿಮಿಷದಲ್ಲಿ ಮೂವತ್ತು ಮನೆಯವರೂ ಹೊರಗೆ ಬಂದಿದ್ದರು.

ಮೊದಲ ತಿರುವಿನಲ್ಲಿ ಒಂದು ಉಂಡೆ, ಎರಡನೇ ತಿರುವಿನಲ್ಲಿ ಒಂದು. ಗುಂಪು ದೇವರ ಮೆರವಣಿಗೆಯ ಹಾಗೆ ಒಂದೊಂದರ ಮುಂದೆಯೂ ನಿಂತು, ಫೋಟೋ ತೆಗೆದು, ಮೇಲೆ ಏರುತ್ತ ಬಂತು. ಐದನೆಯದು ಚಿದಾನಂದನ ಗೇಟಿನ ಎದುರಿಗೇ ಇತ್ತು. ಅದರಿಂದ ಮುಂದೆ ರಸ್ತೆ ಚೊಕ್ಕಟ.

"ಹತ್ತಿ ಬಂದದ್ದಕ್ಕೆ ಗುರುತು ಉಂಟು" ಎಂದರು ಮೊಣ್ಣಪ್ಪನವರು, ಕೈಯಲ್ಲಿದ್ದ ಬೆತ್ತದಿಂದ ರಸ್ತೆ ತೋರಿಸುತ್ತ. "ಇಳಿದು ಹೋದದ್ದಕ್ಕೆ ಇಲ್ಲ. ಹಾಗಾದರೆ ಆನೆ ಎಲ್ಲಿ ಉಂಟು?"

ಎಲ್ಲರೂ ಚಿದಾನಂದನ ಮನೆ ನೋಡಿದರು.

ಆ ಹೊತ್ತಿಗೆ ಚಿದಾನಂದ ಹಿತ್ತಲಲ್ಲಿದ್ದ. ಫೋಟೋ ನೋಡಿದ ಕೂಡಲೇ ಎಲ್ಲ ಅರ್ಥವಾಗಿ, ಚೀಲವನ್ನು ಬಾಳೆಗಿಡಗಳ ಹಿಂದೆ ಅಡಗಿಸಲು ಎಳೆಯುತ್ತಿದ್ದ. ಇಬ್ಬನಿಗೆ ನೆಲ ನೆನೆದಿತ್ತು. ಕಾಲು ಜಾರಿತು; ಹಿಡಿದುಕೊಳ್ಳಲು ಸಿಕ್ಕಿದ್ದು ಗೊನೆ ಹೊತ್ತ ಬಾಳೆ. ಅವನೂ ಬಾಳೆಯೂ ಒಟ್ಟಿಗೆ, ದಢಾರ್ ಎಂದು ನೆಲ ಕಂಡರು. ಗೇಟಿನಾಚೆ ಯಾರೋ "ಅಲ್ಲೇ ಇದೆ" ಅಂದರು. ಮೂವತ್ತು ಮನೆಯವರು ಇಳಿಜಾರಿನಲ್ಲಿ ಓಡಿದ ಸದ್ದಿಗೆ ಚಿದಾನಂದನಿಗೇ ಒಂದು ಕ್ಷಣ ನಿಜವಾಗಿ ಆನೆ ಬಂತೇನೋ ಅನ್ನಿಸಿತು.

ಒಂಬತ್ತು ಗಂಟೆಗೆ ಅರಣ್ಯ ಇಲಾಖೆಯ ಗಾರ್ಡ್ ಉದಯ ಪಟಾಕಿಯ ಚೀಲದೊಂದಿಗೆ ಬಂದ. ಮುರಿದ ಬಾಳೆಯ ಸುತ್ತ ಒಂದು ಸುತ್ತು ಹಾಕಿದ. ಅಡಗಿಸಿದ ಚೀಲದ ಮೇಲೆ ಅಷ್ಟರಲ್ಲಿ ಕುಸುಮಾ ಹಳೆಯ ಕಂಬಳಿ ಒಣಹಾಕಿದ್ದಳು.

"ಸದ್ದು ಕೇಳಿದ್ರಾ ಸಾರ್?"

"ಕೇಳಿತು" ಎಂದ ಚಿದಾನಂದ. ಅದು ಸುಳ್ಳಲ್ಲ.

"ಹತ್ತಿರದಲ್ಲೇ ಇದ್ರಾ?"

"ತುಂಬಾ ಹತ್ತಿರ." ಅದೂ ಸುಳ್ಳಲ್ಲ.

ಸುತ್ತ ನಿಂತವರು ಅವನ ಮೊಣಕೈಯ ತರಚು ಗಾಯವನ್ನೂ ಪಂಚೆಯ ಕೆಸರನ್ನೂ ನೋಡಿ ಪಿಸುಗುಟ್ಟಿದರು. ಸತ್ಯ ಹೇಳಲು ಚಿದಾನಂದ ಬಾಯಿ ತೆರೆದ. ಎದುರಿಗೆ ಮೊಣ್ಣಪ್ಪನವರು ಬೆತ್ತ ಊರಿ ನಿಂತಿದ್ದರು. ಆ ಮುಖ ನೋಡಿದ್ದೇ ಅವನಿಗೆ 'ಯಾವುದೇ' ಎಂಬುದರ ಕೆಳಗಿನ ಗೆರೆ ನೆನಪಾಯಿತು. ಬಾಯಿ ಮುಚ್ಚಿದ.

"ಹೆಜ್ಜೆಗುರುತು ಒಂದೂ ಕಾಣ್ತಿಲ್ಲವಲ್ಲ" ಎಂದ ಉದಯ.

"ಕಾಂಕ್ರೀಟ್ ರಸ್ತೆ ಕಣಪ್ಪ, ಎಲ್ಲಿ ಕಾಣ್ತೈತೆ?" ಎಂದು ಶಿವಶಂಕರಪ್ಪನವರು ತಟ್ಟನೆ ಅಂದರು.

"ಆಮೇಲೆ ಯಾವ ಕಡೆ ಹೋಯ್ತು ಸಾರ್?"

ಯಾವ ಕಡೆಯಾದರೂ ಹೋಗಲಿ, ಮೊದಲು ಇವರೆಲ್ಲ ಹೋದರೆ ಸಾಕಾಗಿತ್ತು ಚಿದಾನಂದನಿಗೆ. ಕೈ ತಾನಾಗಿ ಎದ್ದು ಹಿಂದಿನ ಗೇಟು ತೋರಿಸಿತು.

ಅಲ್ಲಿಂದ ಮುಂದೆ ಯಾವುದೂ ಅವನ ಕೈಯಲ್ಲಿ ಉಳಿಯಲಿಲ್ಲ. ಹನ್ನೊಂದು ಗಂಟೆಗೆ ಪಂಚಾಯಿತಿ ಸದಸ್ಯರು ಜೀಪಿನಲ್ಲಿ ಬಂದರು. ಹನ್ನೊಂದು ಮನವಿಗೂ ಒಮ್ಮೆಯೂ ಏರದಿದ್ದ ಏರನ್ನು ಏರಿ, ಚಿದಾನಂದನ ಭುಜದ ಮೇಲೆ ಕೈಯಿಟ್ಟು, ಮುರಿದ ಬಾಳೆಯ ಪಕ್ಕ ಫೋಟೋ ತೆಗೆಸಿಕೊಂಡರು. "ಇಂಥ ಜಾಗದಲ್ಲಿ ದೀಪ ಇಲ್ಲ ಅಂದರೆ ಏನರ್ಥ" ಎಂದು ಅವರೇ ಬಡಾವಣೆಯವರನ್ನು ಗದರಿಸಿ, ಫೋನು ಹಚ್ಚಿದರು. ಮಧ್ಯಾಹ್ನ ಊಟದ ಹೊತ್ತಿಗೆ ಲೈನ್‌ಮನ್‌ಗಳು ಏಣಿ ತಂದು ಕಂಬಕ್ಕೆ ಒರಗಿಸಿದ್ದರು. ಶಿವಶಂಕರಪ್ಪನವರ ಅಂಗಳದಲ್ಲಿ ನಿಂತಲ್ಲೇ ಸಂಘದ ಸಭೆ ನಡೆದು, ಆನೆ ಹೋದ ದಾರಿಯಲ್ಲೇ ತಿರುಗಿ ಬರಬಾರದೆಂದು, ನಾಳೆಯಿಂದ ಹಿಂದಿನ ಗೇಟಿಗೆ ಬೀಗ ಎಂದು ತೀರ್ಮಾನವಾಯಿತು. ಕಾರ್ಯದರ್ಶಿ ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡ.

ಮನೆಗೆ ಬಂದಾಗ ಅಡುಗೆಮನೆಯಲ್ಲಿ ಗಂಗೆ ಪಾತ್ರೆ ತೊಳೆಯುತ್ತಿದ್ದಳು. ಲೈನು ಮನೆಯವಳು. ದಿನವೂ ತೋಟದೊಳಗಿನಿಂದ ನಡೆದು, ಹಿಂದಿನ ಗೇಟು ಹಾದು, ನಾಲ್ಕು ಮನೆಯ ಕೆಲಸ ಮಾಡಿಕೊಂಡು ಹೋಗುವವಳು.

"ನೀನು ಹೇಗೆ ಬಂದೆ? ಆನೆ ಅಂತ ಗೊತ್ತಾಗಲಿಲ್ಲವಾ?" ಎಂದ ಚಿದಾನಂದ.

"ಗೊತ್ತಾಗ್ಲಿಲ್ಲ ಸಾರ್. ನಿಮ್ಮ ಗುಂಪಿನಲ್ಲಿ ನನ್ನ ನಂಬರ್ ಇಲ್ಲವಲ್ಲ." ಅವಳು ತಿರುಗದೆ ಪಾತ್ರೆ ಉಜ್ಜುತ್ತಲೇ ಹೇಳಿದಳು. "ನಿಮ್ಮ ಗೇಟಿನ ಹತ್ತಿರ ಬಿದ್ದಿದ್ದನ್ನ ಕಾಲಲ್ಲಿ ಒತ್ತಿ ನೋಡಿದೆ. ಒಳಗೆ ಬಿಸಿ ಇಲ್ಲ, ಪಸೆ ಇಲ್ಲ. ಮೊನ್ನೆದು ಅದು. ಹಸಿ ಲದ್ದಿ ಆದ್ರೆ ವಾಸನೆಯೇ ಬೇರೆ. ಹೋದ ವರ್ಷ ಆನೆ ನಮ್ಮ ಭಾವನನ್ನ ಅಟ್ಟಿಸಿಕೊಂಡು ಬಂತಲ್ಲ, ಅವತ್ತಿಂದ ಆ ವಾಸನೆ ನನಗೆ ನಿದ್ದೆಯಲ್ಲೂ ಗೊತ್ತಾಗ್ತದೆ."

ಚಿದಾನಂದ ಬಾಗಿಲಿಗೆ ಒರಗಿ ನಿಂತ. ಬೆಳಗಿನಿಂದ ಮೂವತ್ತು ಮನೆಯವರು, ಗಾರ್ಡು, ಸದಸ್ಯರು, ಎಲ್ಲರೂ ಆ ಉಂಡೆಗಳ ಬಗ್ಗೆ ಮಾತಾಡಿದ್ದರು. ಗೊತ್ತಿದ್ದವಳನ್ನು ಒಬ್ಬರೂ ಕೇಳಿರಲಿಲ್ಲ.

"ಗೇಟಿಗೆ ಬೀಗ ಹಾಕ್ತಾರಂತೆ ಅಲ್ವಾ ಸಾರ್? ಕುಸುಮಕ್ಕ ಹೇಳಿದ್ರು" ಎಂದಳು ಗಂಗೆ. "ಇನ್ನು ಮೇನ್ ರೋಡಿಗೆ ಸುತ್ತಿ ಬರಬೇಕು. ಒಂದೂವರೆ ಗಂಟೆ ಆಗ್ತದೆ. ಎರಡು ಮನೆ ಬಿಡಬೇಕಾಗ್ತದೇನೋ. ನಿಮ್ಮ ಮನೆ ಬಿಡೋದಿಲ್ಲ, ಹೆದರಬೇಡಿ."

ಬೈದಿದ್ದರೆ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಊಟಕ್ಕೆ ಕೂತ. ಈ ಬಡಾವಣೆಗೆ ಬಂದು ಆರು ವರ್ಷ. ಕಿಟಕಿ ತೆರೆದರೆ ಬೆಟ್ಟ, ಬೆಟ್ಟದ ಮೇಲೆ ಮೋಡ. ಬಂದ ನೆಂಟರಿಗೆಲ್ಲ ತೋರಿಸಿ ಹೆಮ್ಮೆ ಪಟ್ಟಿದ್ದ. ಆ ಬೆಟ್ಟದ ಬುಡದಲ್ಲಿ ಒಬ್ಬಳು ದಿನಾ ಮಂಜಿನಲ್ಲಿ, ಮೂಗಿನಿಂದ ದಾರಿ ಹುಡುಕುತ್ತ ತನ್ನ ಮನೆಗೆ ಬರುತ್ತಾಳೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಮರ್ಯಾದೆ ಹೋದರೆ ಹೋಗಲಿ ಎಂದು ಕೈತೊಳೆದು, ಅಂಗಿ ಹಾಕಿಕೊಂಡು ಅಧ್ಯಕ್ಷರ ಮನೆಗೆಂದು ಏರು ಇಳಿದ. ಮೊಣ್ಣಪ್ಪನವರ ಕಾಲು ಹಿಡಿಯಬೇಕಾಗಿ ಬಂದರೂ ಸರಿಯೆ ಎಂದು ದಾರಿಯಲ್ಲಿ ಮಾತು ಜೋಡಿಸಿಕೊಂಡ.

ಶಿವಶಂಕರಪ್ಪನವರು ಜಗಲಿಯಲ್ಲಿ ಕೂತು ಕಂಬಕ್ಕೆ ದೀಪ ಕಟ್ಟುವುದನ್ನು ನೋಡುತ್ತಿದ್ದರು.

"ಅಧ್ಯಕ್ಷರೇ, ಒಂದು ತಪ್ಪಾಗಿದೆ" ಎಂದ ಚಿದಾನಂದ. ನಿಂತೇ ಎಲ್ಲವನ್ನೂ ಹೇಳಿದ. ಆಂಥೂರಿಯಂ, ಬಿಟ್ಟಂಗಾಲ, ಸೈಲೆನ್ಸರು, ಬಾಳೆ, ಹಿಂದಿನ ಗೇಟಿನತ್ತ ಎದ್ದ ಕೈ, ಒಂದನ್ನೂ ಬಿಡಲಿಲ್ಲ.

ಶಿವಶಂಕರಪ್ಪನವರು ಪೂರ್ತಿ ಕೇಳಿದರು. ಎದ್ದು ಹೋಗಿ ಜಗಲಿಯ ಬಾಗಿಲು ಮುಚ್ಚಿ ಬಂದರು.

"ಕೂತ್ಕಳಿ. ಬೆಳಿಗ್ಗೆ ನಾನು ಹಾಲಿನ ಪ್ಯಾಕೆಟ್ ತಗೊಳ್ಳೋಕೆ ಗೇಟಿನಾಗೆ ನಿಂತಿದ್ದೆ. ನಿಮ್ಮ ಸ್ಕೂಟರು ನನ್ನ ಮುಂದೆನೇ ಹೋಯ್ತು. ಮೊದಲ್ನೇ ಉಂಡೆ ಬಿದ್ದಿದ್ದು ನನ್ನ ಕಾಲ ಹತ್ರ."

ಚಿದಾನಂದ ಕುರ್ಚಿ ಎಳೆದುಕೊಂಡು ಕೂತ. "ಗೊತ್ತಿದ್ದೂ ಗುಂಪಿಗೆ ಮೆಸೇಜ್ ಹಾಕಿದಿರಾ?"

"ನಿಮ್ಮನ್ನ ಕೂಗಿ ಕರೆಯಾನ ಅಂತಲೇ ಇದ್ದೆ ಕಣ್ರೀ. ಅಷ್ಟರಾಗೆ ಈ ಕಂಬ ಕಣ್ಣಿಗೆ ಬಿತ್ತು. ಹನ್ನೊಂದು ಅರ್ಜಿ ಕೊಟ್ಟಿರಲ್ಲ, ಒಂದಕ್ಕಾದ್ರೂ ಯಾರಾದ್ರೂ ಬಂದ್ರಾ? ಐದು ಉಂಡೆಗೆ ಜೀಪು ಬಂತು, ಏಣಿ ಬಂತು, ದೀಪ ಬಂತು. ಈಗ ನೀವು ಸತ್ಯ ಹೇಳಿದ್ರೆ ಸಂಜೆಯೊಳಗೆ ಅಷ್ಟೂ ಬಿಚ್ಕೊಂಡು ಹೋಯ್ತಾರೆ."

"ಆದರೆ ಹಿಂದಿನ ಗೇಟು..." ಚಿದಾನಂದ ಗಂಗೆಯ ವಿಷಯ ಹೇಳಿದ. "ಅದಕ್ಕೆ ಬೀಗ ಬೀಳೋದಾದರೆ ನಾನು ಈಗಲೇ ಹೋಗಿ ಮೊಣ್ಣಪ್ಪನವರಿಗೆ ಎಲ್ಲ ಹೇಳ್ತೇನೆ."

ಶಿವಶಂಕರಪ್ಪನವರು ಗಲ್ಲ ಕೆರೆದುಕೊಂಡರು. "ಹಂಗಾದ್ರೆ ಆನೆ ಅತ್ಲಾಗೆ ಹೋಗ್ಲಿಲ್ಲ ಅಂತ ಬರ್ಕೊಡಿ. ನಾನು ಸಭೆಗೆ ಓದ್ತೀನಿ."

ಹೀಗೆ ಸತ್ಯ ಹೇಳಲೆಂದು ಹೋದ ಚಿದಾನಂದ, "ಮುಖ್ಯರಸ್ತೆಯಿಂದ ಬಂದ ಸದರಿ ಆನೆಯು ಮುಖ್ಯರಸ್ತೆಯ ಮೂಲಕವೇ ಹಿಂದಿರುಗಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ. ಗಾಬರಿಯಲ್ಲಿ ದಿಕ್ಕು ತಪ್ಪಾಗಿ ತೋರಿಸಿರುತ್ತೇನೆ" ಎಂದು ಬರೆದು ಸಹಿ ಹಾಕಿದ. ಮನಸ್ಸು ಹಗುರವಾಯಿತು. ಏಳಬೇಕೆನ್ನುವಷ್ಟರಲ್ಲಿ ಶಿವಶಂಕರಪ್ಪನವರು ಅವನ ತೋಳು ಹಿಡಿದರು.

"ನೀರಿನ ಟ್ಯಾಂಕಿನ ಕಡೆ ತಡೆಗೋಡೆ ಹೋದ ಮಳೆಗೆ ಕುಸಿದೈತಲ್ಲ, ಅದೂ ಆಗಬೇಕು. ಮುಂದಿನ ಭಾನುವಾರ ಇನ್ನೊಂದು ಚೀಲ ತನ್ನಿ. ಈ ಸಲ ಟ್ಯಾಂಕಿನ ರಸ್ತೆಯಾಗೆ ಉದುರ್ಲಿ."

"ನನ್ನಿಂದ ಆಗಲ್ಲ ಅಧ್ಯಕ್ಷರೇ."

"ಆಗಲ್ಲ ಅಂದ್ರೆ ಹೆಂಗೆ? ಆನೆ ಕಣ್ಣಾರೆ ಕಂಡೆ ಅಂತ ಬರೆದು ಸಹಿ ಹಾಕಿರೋರು ನೀವೊಬ್ಬರೇ." ಕಾಗದವನ್ನು ನೀಟಾಗಿ ಮಡಿಚಿ ಜೇಬಿಗೆ ಹಾಕಿಕೊಂಡರು. "ಬೆಳಕಾಗೋ ಮುಂಚೆ ಬನ್ನಿ. ಹಾಲಿಗೆ ನಾನು ಎದ್ದಿರ್ತೀನಿ."

ಮುಸ್ಸಂಜೆಗೆ ಹಸಿರುಗಿರಿಯ ಕಂಬಗಳೆಲ್ಲ ಒಂದೇ ಸಲಕ್ಕೆ ಹತ್ತಿಕೊಂಡವು. ಜನ ಗೇಟಿಗೆ ಬಂದು, ಇಷ್ಟು ದಿನ ಕತ್ತಲಲ್ಲಿ ಕೇಳಿದ್ದ ದನಿಗಳಿಗೆಲ್ಲ ಮುಖ ಸಿಕ್ಕಿತೆಂಬಂತೆ ಒಬ್ಬರನ್ನೊಬ್ಬರು ನೋಡಿದರು. ಎರಡು ದಿನ ಸಂಜೆ ಹೊತ್ತು ಯಾರೂ ಒಂಟಿಯಾಗಿ ಹೋಗಬಾರದೆಂದು ಗಾರ್ಡ್ ಹೇಳಿದ್ದ. ಚಿದಾನಂದ ಟಾರ್ಚ್ ತೆಗೆದುಕೊಂಡು ಗಂಗೆಯ ಜೊತೆ ಹಿಂದಿನ ಗೇಟಿನವರೆಗೆ ಹೊರಟ. ಇಲ್ಲದ ಆನೆಯಿಂದ ಅವಳನ್ನು ಕಾಯಲು ತಾನು ಹೋಗುತ್ತಿದ್ದೇನೆಂದು ಅವನಿಗೆ ನಾಚಿಕೆಯಾಗುತ್ತಿತ್ತು.

ಚಿದಾನಂದನ ಕಾಗದ ಓದಿದ ಮೇಲೆ ಗೇಟಿಗೆ ಬೀಗ ಹಾಕುವ ತೀರ್ಮಾನವನ್ನು ಸಂಘ ಕೈಬಿಟ್ಟಿತ್ತು. ಕೊನೆಯ ದೀಪದ ಬೆಳಕು ಗೇಟಿನವರೆಗೆ ಬಂದು ಅಲ್ಲಿಗೇ ನಿಂತಿತ್ತು. ಆಚೆ ಕಾಫಿ ಗಿಡಗಳ ಕಪ್ಪು.

ಗಂಗೆ ಸೆರಗು ಬಿಗಿದುಕೊಂಡಳು. "ಮುಂದಿನ ಸಲ ಆನೆ ಯಾವ ಕಡೆಯಿಂದ ಬರ್ತದೆ ಸಾರ್?"

ಅವನು ಬೆಚ್ಚಿ ಅವಳ ಮುಖ ನೋಡಿದ. ಅವಳು ನಗುತ್ತಿರಲಿಲ್ಲ, ಸಿಟ್ಟಾಗಿಯೂ ಇರಲಿಲ್ಲ. "ಬಾಳೆ ಬುಡಕ್ಕೆ ಕಸ ಹಾಕೋಕೆ ಹೋಗಿದ್ದೆ. ಕಂಬಳಿ ಕೆಳಗೆ ಚೀಲ ಕಂಡೆ" ಎಂದಳು.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. "ಟ್ಯಾಂಕಿನ ಕಡೆಯಿಂದ" ಎಂದ ಚಿದಾನಂದ, ಮೆಲ್ಲಗೆ.

"ಹಾಗಾದ್ರೆ ಆಮೇಲೆ ನಮ್ಮ ಲೈನಿನ ಕಡೆಗೂ ಒಂದೆರಡು ಉದುರಿಸಿ ಸಾರ್. ಅಲ್ಲೂ ದೀಪ ಇಲ್ಲ."

"ಅಲ್ಲಿಗೆ ಯಾಕೆ ಗಂಗೆ? ಅಲ್ಲಿ ನಿಜವಾದ ಆನೆಯೇ ಬರ್ತದಲ್ಲ."

"ಬರ್ತದೆ. ವಾರಕ್ಕೆರಡು ಸಲ." ಅವಳು ಗೇಟು ದಾಟಿದಳು. "ನಿಜವಾದ್ದು ಬಂದ್ರೆ ಯಾರೂ ದೀಪ ಹಾಕಲ್ಲ ಸಾರ್."

ಅವನ ಟಾರ್ಚು ತಲುಪುವಷ್ಟು ದೂರ ಅವಳ ಬೆನ್ನು ಕಂಡಿತು. ಆಮೇಲೆ ಹೆಜ್ಜೆಯ ಸದ್ದು ಮಾತ್ರ ಕೇಳಿಸಿತು. ಚಿದಾನಂದ ಬೆಳಕಿನ ಅಂಚಿನಲ್ಲೇ ನಿಂತು ಫೋನು ತೆಗೆದು ಬಿಟ್ಟಂಗಾಲಕ್ಕೆ ಹಚ್ಚಿದ.

"ಕಿರಣ, ಈ ಸಲ ಒಂದು ಚೀಲ ಸಾಲದು" ಎಂದ. "ಎರಡು ಬೇಕು."