ರಿವರ್ಸ್ ಇಲ್ಲದ ರೇಸ್ ಕಾರು

ಹೊಸ ಗ್ರೈಂಡರೊಂದು ಬರದೆ ಇದ್ದಿದ್ದರೆ ಸುಕೇಶ ಅವನ ಪಾಡಿಗೆ ಗಲ್ಲಾದ ಹಿಂದೆ ಕೂತು ಕನಸು ಕಾಣುತ್ತಿದ್ದ. ಅವನ ಮಾವ ಸತ್ಯನಾರಾಯಣರಿಗೆ ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಊಟ ತಿಂಡಿಯ ಹೋಟೆಲು. ಒಳಗೆ ಕಾಲಿಡಲು ಜಾಗವಿಲ್ಲ. ಇದ್ದ ಒಂದೇ ಜಾಗವೆಂದರೆ ಹಿಂದಿನ ಶೆಡ್ಡು, ಅದರ ತುಂಬ ಅಳಿಯನ ಕಾರು ಮಲಗಿತ್ತು.

"ಗ್ರೈಂಡರ್ ನಾಳೆ ಬರ್ತದೆ. ನಿನ್ನ ಆ ಡಬ್ಬ ಇವತ್ತೇ ಗುಜರಿಗೆ ಹೋಗ್ಲಿ" ಅಂದರು ಮಾವ, ಬೆಳಗಿನ ಕಾಫಿ ಮುಗಿಸುತ್ತ.

ಡಬ್ಬ ಎಂದದ್ದು ಸುಕೇಶನಿಗೆ ಚುಚ್ಚಿತು. ಹಿಂದೊಂದು ಕಾಲದಲ್ಲಿ ಅಮೆರಿಕದ ಒಣಗಿದ ಉಪ್ಪಿನ ಕೆರೆಗಳ ಮೇಲೆ ವೇಗದ ಹುಚ್ಚು ಹಿಡಿದವರು ಯುದ್ಧವಿಮಾನದ ಹಳೇ ಪೆಟ್ರೋಲ್ ಟ್ಯಾಂಕಿಗೆ ಎಂಜಿನ್ನು, ಚಕ್ರ ಜೋಡಿಸಿ ದಾಖಲೆಗಾಗಿ ಓಡಿಸುತ್ತಿದ್ದರು. ಗುಂಡು ಬದನೆಯನ್ನು ಎಳೆದು ಉದ್ದ ಮಾಡಿದಂಥ ಆ ಕಾರಿನ ಚಿತ್ರ ಕಂಡ ದಿನದಿಂದ, ಅದನ್ನು ಚೆನ್ನೈ ಬೀದಿಯಲ್ಲಿ ಓಡಾಡುವ ಹಾಗೆ ಮಾಡಬೇಕೆಂಬ ಹಟ ಅವನಿಗೆ. ವಿಮಾನದ ಟ್ಯಾಂಕ್ ಎಲ್ಲಿಂದ ಬರಬೇಕು? ಮಾಧವರಂ ಕಡೆಯ ಗುಜರಿಯಲ್ಲಿ ಹಾಲಿನ ಟ್ಯಾಂಕ್ ಸಿಕ್ಕಿತು. ತನ್ನ ಹಳೇ ಕಾರನ್ನು ಬಿಚ್ಚಿ ಎಂಜಿನ್ನು ಅದಕ್ಕಿಟ್ಟ. ಬೀದಿಗೆಂದು ಹೊಟ್ಟೆಯನ್ನು ನೆಲದಿಂದ ಎತ್ತರಿಸಿದ, ದೀಪ, ಹಾರ್ನು, ಕನ್ನಡಿ ಹಾಕಿದ, ಹಿಂದೊಂದು ಸೀಟು ತೂರಿಸಿದ. ಹತ್ತಲು ಇಳಿಯಲು ಮೇಲೆ ಮುಂದೊಂದು ಹಿಂದೊಂದು ಇದ್ದ ಮುಚ್ಚಳಗಳೇ ಗತಿ. ರೇಸಿನವರಾಗಿದ್ದರೆ ಇಷ್ಟಾದ ಮೇಲೆ ಬಣ್ಣ ಹೊಡೆಯುತ್ತಿದ್ದರು. ಇವನದು ಹೋಟೆಲಿನ ಕೈ, ಸ್ಟೀಲು ಕಂಡರೆ ಉಜ್ಜದೆ ಬಿಡುವುದಿಲ್ಲ. ಹುಣಸೆಹುಳಿ ಹಚ್ಚಿ ಥಳಥಳ ಹೊಳೆಯುವ ತನಕ ಉಜ್ಜಿದ.

ಹೆಂಡತಿ ಅಶ್ವಿತಾ ಕಾರಿನ ವಿಷಯದಲ್ಲಿ ಗಂಡನಿಗೆ ಬೈಯದ ದಿನವಿಲ್ಲ. ಆದರೆ ಗುಜರಿ ಎಂದ ಕೂಡಲೇ ಅಪ್ಪನ ಎದುರು ನಿಂತಳು. ಒಂದು ಸಲ ಓಡಿಸಿ ತೋರಿಸಲಿ, ಆಮೇಲೆ ನೋಡುವಾ ಅಂದಳು. ಮಾವ ಮಗಳಿಗೆ ಸೋತರು, ಆದರೆ ಕರಾರು ಹಾಕದೆ ಸೋಲುವವರಲ್ಲ. ಕೋಯಂಬೇಡು ಮಾರುಕಟ್ಟೆಗೆ ಹೋಗಿ ಮಧ್ಯಾಹ್ನದ ಬಾಳೆಎಲೆ ತರಬೇಕು. ಊಟದ ಬೋರ್ಡು ಹೊರಗಿಡುವ ಮೊದಲು ವಾಪಸ್ ಇರಬೇಕು. ದಾರಿಯಲ್ಲಿ ಒಬ್ಬನೇ ಒಬ್ಬ ಕೈ ಹಚ್ಚಿ ತಳ್ಳಿದರೂ ಗುಜರಿಯೇ ಗಟ್ಟಿ. ಸಾಕ್ಷಿಗೆ ಮಹಡಿಯ ಮನೆಯ ವಿಷ್ಣುತೀರ್ಥರು ಸ್ಕೂಟರಿನಲ್ಲಿ ಬೆನ್ನು ಹತ್ತಬೇಕು. ಅವರು ಆಡಿಟ್ ಇಲಾಖೆಯಿಂದ ನಿವೃತ್ತರಾದವರು. ಪರರ ತಪ್ಪು ಹುಡುಕುವ ಕೆಲಸ ಮತ್ತೆ ಸಿಕ್ಕಿತೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು.

ಅಶ್ವಿತಾ ಹಿಂದಿನ ಸೀಟು ಹತ್ತಿದಳು. ಹೋಗುವಾಗ ಸುಕೇಶನ ಜೀವ ಬಾಯಿಗೆ ಬಂದದ್ದು ತಿರುವುಗಳಲ್ಲಿ. ಉಪ್ಪಿನ ಕೆರೆಯ ಕಾರಿಗೆ ನೇರ ಹೋಗಿ ಗೊತ್ತೇ ಹೊರತು ತಿರುಗಿ ಗೊತ್ತಿಲ್ಲ. ಒಂದೊಂದು ಮೂಲೆಯಲ್ಲೂ ಉದ್ದದ ಮೂತಿ ಯಾರದೋ ಅಂಗಡಿಯೊಳಗೆ ಇಣುಕಿ ಹೊರಬರುತ್ತಿತ್ತು. ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಕಾರಿನ ಹೊಟ್ಟೆ ಕರಕರ ಕೆರೆಯಿತು. ದೊಡ್ಡ ರಸ್ತೆಯ ಪೊಲೀಸಿನವರು ಬಿಸಿಲಿಗೆ ಹೊಳೆದ ಸ್ಟೀಲಿನಿಂದ ಕಣ್ಣು ಮುಚ್ಚಿಕೊಂಡರು. ಕಣ್ಣು ಬಿಡುವಷ್ಟರಲ್ಲಿ ಕಾರು ದಾಟಿತ್ತು. ಅಂತೂ ಕೋಯಂಬೇಡಿನಲ್ಲಿ ಎಲೆಕಟ್ಟುಗಳು ಒಳಗೆ ಬಿದ್ದವು, ಅಶ್ವಿತಾ ಅವುಗಳ ನಡುವೆ ಬಿದ್ದಳು.

ವಾಪಸಾಗುವಾಗ ಇನ್ನೊಂದು ಸಂಕಟ ಹುಟ್ಟಿತು. ಹಾಲಿನ ಟ್ಯಾಂಕಿಗೆ ಎರಡು ಪದರದ ಗೋಡೆ. ಹಾಲಿನ ತಂಪು ಹೊರಗೆ ಹೋಗದ ಹಾಗೆ ಮಾಡಿದ್ದು, ಈಗ ಎಂಜಿನ್ನಿನ ಕಾವನ್ನೂ ಹೊರಗೆ ಬಿಡಲಿಲ್ಲ. ಒದ್ದೆ ಎಲೆಗಳಿಂದ ಹಬೆ ಏಳತೊಡಗಿತು. ಅಶ್ವಿತಾ ಎಲೆಗಳಿಗೆ ಬಾಟಲಿಯ ನೀರು ಹಾಕಿದಷ್ಟೂ ಹಬೆ ಹೆಚ್ಚಿತು. ಇಬ್ಬರೂ ಇಡ್ಲಿ ಪಾತ್ರೆಯೊಳಗೆ ಕೂತಂತೆ ಬೇಯುತ್ತಿದ್ದರು.

ಹೋಟೆಲಿಗೆ ಇನ್ನೊಂದೇ ಓಣಿ ಇತ್ತು. ಕಾರು ಒಳಹೊಕ್ಕಿದ್ದೇ ತಡ, ಆ ಕಡೆಯಿಂದ ನೀರಿನ ಲಾರಿ ಬಂದು ಮೂತಿಗೆ ಮೂತಿ ಹಚ್ಚಿ ನಿಂತಿತು.

"ರಿವರ್ಸ್ ತೆಗೀರಿ" ಅಂದಳು ಅಶ್ವಿತಾ.

"ಇಲ್ಲ."

"ಎಂತ ಇಲ್ಲ?"

"ರಿವರ್ಸೇ ಇಲ್ಲ. ಹಳೇ ರೇಸ್ ಕಾರಿಗೆ ಇರ್ಲಿಲ್ಲ. ಹಾಗಾಗಿ ತೆಗೆಸಿ ಹಾಕಿದೆ."

ಅಶ್ವಿತಾ ಕನ್ನಡಿಯಲ್ಲಿ ಗಂಡನನ್ನು ದುರುಗುಟ್ಟಿ ನೋಡಿದಳು. ಸುಕೇಶನಿಗೆ ಲಾರಿಗಿಂತ ಆ ನೋಟದ ಭಯವೇ ಹೆಚ್ಚಾಯಿತು.

ಲಾರಿಯವನು ಹಿಂದೆ ಸರಿಯೆಂದು ಹಾರ್ನು ಹೊಡೆದ. ಓಣಿಯವರು ಹೊರಬಂದರು. ಮಾಂಬಲಂನ ಜನ ಒಳ್ಳೆಯವರು, ಕಷ್ಟ ಕಂಡರೆ ಕೇಳದೆ ಕೈ ಹಾಕುತ್ತಾರೆ. ಪಂಚೆ ಎತ್ತಿ ಕಟ್ಟಿ, ತೋಳು ಮಡಚಿ, "ತಳ್ಳಿ ವಿಡಲಾಮಾ ಸಾರ್?" ಎಂದು ತಳ್ಳಿಕೊಡಲು ಮುತ್ತಿಕೊಂಡರು. ಮುಟ್ಟಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದು ಸುಕೇಶ ಮುಚ್ಚಳದಿಂದ ತಲೆ ಹೊರಹಾಕಿ ತಮಿಳಿನಲ್ಲಿ ಗೋಗರೆದ. ಸಂಕೋಚದ ಮನುಷ್ಯ ಪಾಪ ಎಂದುಕೊಂಡು ಅವರು ಇನ್ನೂ ಹತ್ತಿರ ಬಂದರು. ವಿಷ್ಣುತೀರ್ಥರು ಸ್ಕೂಟರ್ ಸ್ಟ್ಯಾಂಡ್ ಹಾಕಿ, ಕನ್ನಡಕ ಒರೆಸಿ, ಯಾವ ಕೈ ಮೊದಲು ತಾಗುತ್ತದೆಂದು ಬಗ್ಗಿ ನೋಡುತ್ತಿದ್ದರು. ಓಣಿಯಾಚೆ ಹೋಟೆಲಿನ ಮಾಣಿ ಊಟದ ಬೋರ್ಡು ಎತ್ತಿಕೊಂಡು ಬಾಗಿಲಿಗೆ ಬರುವುದು ಕಾಣುತ್ತಿತ್ತು. ಸುಕೇಶನಿಗೆ ಅಳುವೇ ಬಂತು.

ಆಗ ಹಿಂದಿನ ಮುಚ್ಚಳ ತೆರೆದು ಅಶ್ವಿತಾ ಎದ್ದು ನಿಂತಳು. ಅವಳ ಜೊತೆ ಮೋಡದಂತೆ ಹಬೆಯೂ ಎದ್ದಿತು. ಕೈಯಲ್ಲಿ ಎಲೆಕಟ್ಟು. ಅವಳು ಹುಟ್ಟಿ ಬೆಳೆದದ್ದು ಇದೇ ಬೀದಿಯಲ್ಲಿ, ತಮಿಳು ನೀರು ಕುಡಿದಷ್ಟು ಸಲೀಸು. ಒಳಗಿರುವುದು ಅನ್ನದಾನದ ಸಾಂಬಾರು, ಜನ ಪಂಕ್ತಿಯಲ್ಲಿ ಕೂತಾಗಿದೆ, ಎಲೆ ಇಲ್ಲಿದೆ, ಹಸಿದವರನ್ನು ಕಾಯಿಸುವ ಪಾಪ ನಿನಗೆ ಬೇಕಾದರೆ ಅಲ್ಲೇ ನಿಂತಿರಣ್ಣ ಎಂದು ಲಾರಿಯವನಿಗೆ ಹೇಳಿದಳು.

ಲಾರಿಯವನು ಹೊಳೆಯುವ ಸ್ಟೀಲು ನೋಡಿದ, ಹಬೆ ನೋಡಿದ. ಇಷ್ಟು ದೊಡ್ಡ ಸಾಂಬಾರಿನ ಪಾತ್ರೆ ಅವನು ಕಂಡಿರಲಿಲ್ಲ. ಕೈಮುಗಿದು, ಲಾರಿಯನ್ನು ಓಣಿಯುದ್ದಕ್ಕೂ ಹಿಂದಕ್ಕೆ ತೆಗೆದುಕೊಂಡು ಹೋದ. ತಳ್ಳಲು ಬಂದವರು ಭಕ್ತಿಯಿಂದ ಗೋಡೆಗೆ ಅಂಟಿ ನಿಂತು ದಾರಿ ಬಿಟ್ಟರು.

ಬೋರ್ಡು ನೆಲಕ್ಕೆ ತಾಗುವ ಮೊದಲು ಕಾರು ಹೋಟೆಲಿನ ಮುಂದಿತ್ತು. ಯಾರಾದರೂ ತಳ್ಳಿದರಾ ಎಂದು ಮಾವ ಕೇಳಿದರು. ಇಲ್ಲ ಎಂದು ವಿಷ್ಣುತೀರ್ಥರು ಬೇಸರದಿಂದಲೇ ಒಪ್ಪಿಕೊಂಡರು. ಸುಕೇಶ ಸಂತೋಷದಲ್ಲಿ ಅಶ್ವಿತಾಳ ಕೈ ಹಿಡಿದುಕೊಂಡ. ಇಷ್ಟು ಜನರ ಎದುರು ಅವನು ಹಾಗೆ ಮಾಡಿದವನೇ ಅಲ್ಲ.

ಆಡಿಟ್ಟಿನವರ ವರದಿ ಅಷ್ಟಕ್ಕೇ ಮುಗಿಯುವುದಿಲ್ಲವಲ್ಲ. ಲಾರಿ, ಹಬೆ, ಅನ್ನದಾನ, ಎಲ್ಲವನ್ನೂ ವಿಷ್ಣುತೀರ್ಥರು ಬಿಡದೆ ಒಪ್ಪಿಸಿದರು. ಮಾವ ನಗಲಿಲ್ಲ. ಕಾರಿನ ಹತ್ತಿರ ಬಂದು ಮುಚ್ಚಳದೊಳಗೆ ಕೈ ಇಟ್ಟು, ಚುರುಕ್ ಎಂದಾಗ ತೆಗೆದರು.

"ಈ ಬಿಸಿ ಎಷ್ಟು ಹೊತ್ತು ಇರ್ತದೆ ಮಾರಾಯ?"

ಮಾವ ಕಾರಿನ ಬಗ್ಗೆ ಪ್ರೀತಿಯಿಂದ ಕೇಳಿದ ಮೊದಲ ಪ್ರಶ್ನೆ ಅದು. ಸುಕೇಶ ಉಬ್ಬಿಹೋದ. "ಸಂಜೆವರೆಗೂ ಆರುವುದಿಲ್ಲ ಮಾವ. ಡಬಲ್ ಗೋಡೆ."

"ಶೆಡ್ಡು ನಿನ್ನ ಕಾರಿಗೇ ಇರ್ಲಿ. ಗ್ರೈಂಡರಿಗೆ ಬೇರೆ ಜಾಗ ನೋಡುವಾ" ಅಂದರು ಮಾವ. "ಹೊರಗಿನ ಆರ್ಡರಿಗೆ ಸಾಂಬಾರು ಬಿಸಿಬಿಸಿ ಮುಟ್ಟಿಸ್ಲಿಕ್ಕೆ ಆಗುದಿಲ್ಲ ಅಂತ ನಾನು ಎಷ್ಟು ತಲೆ ಕೆಡಿಸಿಕೊಂಡಿದ್ದೆ. ಇವತ್ತು ಸಂಜೆ ಒಂದು ನಿಶ್ಚಿತಾರ್ಥ ಉಂಟು. ನೀನೇ ಓಡಿಸು."

ಸಂಜೆ ದೊಡ್ಡ ರಸ್ತೆ ಅಪರೂಪಕ್ಕೆ ಖಾಲಿಯಿತ್ತು. ಉಪ್ಪಿನ ಕೆರೆಯ ಹಾಗೆ ನೇರ, ಕಣ್ಣು ಹರಿಯುವಷ್ಟು ದೂರ ಒಂದು ವಾಹನವೂ ಇಲ್ಲ. ಸುಕೇಶನ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತಿತು. ಹಿಂದಿನ ಸೀಟಿನಲ್ಲಿ ತುಂಬಿದ ಪಾತ್ರೆಯನ್ನು ಎರಡು ಕೈಯಿಂದ ತಬ್ಬಿ ಕೂತಿದ್ದ ಅಶ್ವಿತಾ ಅವನ ಭುಜಕ್ಕೆ ಮೊಣಕಾಲಿನಿಂದ ತಿವಿದಳು.

"ನಿಧಾನ ಮಾರಾಯ್ರೇ. ಚೆಲ್ತದೆ."

ಅವನು ಕಾಲು ತೆಗೆದ. ಕೀರೆಸೊಪ್ಪು ಮಾರುವ ಅಜ್ಜನ ಸೈಕಲ್ಲು ಬೆಲ್ಲು ಹೊಡೆದು ಮುಂದೆ ಹೋಯಿತು.