ಸೊಂಟಕ್ಕೆ ತಕ್ಕ ಹೊಲಿಗೆ

ಊರಿನವರ ಸೊಂಟಗಳೆಲ್ಲ ನನಗೆ ಬಾಯಿಪಾಠ. ದರ್ಜಿ ಎಂದ ಮೇಲೆ ಅದು ಇರಬೇಕಾದದ್ದೇ. ಆದರೆ ನನ್ನದೇ ಸೊಂಟದ ವಿಷಯದಲ್ಲಿ ನನ್ನ ಮಾತಿಗೆ ಮನೆಯಲ್ಲಿ ಕವಡೆ ಕಾಸಿನ ಬೆಲೆಯಿಲ್ಲ.

ಮಗಳು ನರ್ಸಿಂಗ್ ಓದು ಮುಗಿಸಿ ವೇದಿಕೆ ಹತ್ತಿ ಪದವಿ ಪಡೆಯುವವಳಿದ್ದಳು. ಅವತ್ತು ನನ್ನ ಮದುವೆಯ ಕೋಟನ್ನೇ ಹಾಕಿಕೊಂಡು ಬರುತ್ತೇನೆಂದು ಘೋಷಿಸಿದೆ. ನಾನು ಕೈಯಾರೆ ಹೊಲಿದ ಮೊದಲ ಕೋಟು ಅದು. ಅದರೊಳಗೆ ಹಿಡಿಸಬೇಕಲ್ಲ, ಊಟಕ್ಕೆ ಕತ್ತರಿ ಹಾಕಿದೆ (ನಮ್ಮ ಕುಲದ ಆಯುಧ ತಾನೆ). ಅರ್ಧ ತಟ್ಟೆಗೇ ಕೈ ತೊಳೆಯುತ್ತಿದ್ದೆ. ಆದರೆ ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತವನಿಗೆ ಬಾಯಾರುತ್ತದೆ. ಪಕ್ಕದ ಅಂಗಡಿಯ ಫ್ರಿಜ್ಜಿನಿಂದ ಕಿತ್ತಳೆ ಬಣ್ಣದ ಜ್ಯೂಸಿನ ಬಾಟಲಿಗಳು ನನ್ನನ್ನೇ ನೋಡುತ್ತಿರುತ್ತವೆ. ಬೆಳಿಗ್ಗೆ ಒಂದು, ಗುಂಡಿ-ಕಾಜಾದ ಕೆಲಸ ಮುಗಿದ ಮೇಲೆ ಒಂದು, ಗಿರಾಕಿ ಜಗಳವಾಡಿ ಹೋದರೆ ಸಮಾಧಾನಕ್ಕೆ ಇನ್ನೊಂದು.

"ಅಪ್ಪ, ಊಟ ಬಿಟ್ಟು ಸಕ್ಕರೆ ಕುಡೀತಿದ್ದೀಯ" ಎಂದಳು ಮಗಳು. "ಅದು ಹೊಟ್ಟೆ ತುಂಬಿಸಲ್ಲ, ಸೊಂಟ ತುಂಬಿಸುತ್ತೆ."

ನಾನು ನನ್ನ ದ್ರವಸಿದ್ಧಾಂತವನ್ನು ಮಂಡಿಸಿದೆ. ತಿಂದದ್ದು ಕೂರುತ್ತದೆ, ಕುಡಿದದ್ದು ಹರಿದುಹೋಗುತ್ತದೆ. ಸಾಕ್ಷಿಗೆ ನನ್ನ ಪ್ಯಾಂಟೇ ಇತ್ತು. ಒಂದು ವಾರ ಬಿಗಿ ಎನಿಸಿದರೂ ಮುಂದಿನ ವಾರ ತಾನಾಗಿಯೇ ಸಡಿಲವಾಗುತ್ತಿತ್ತು. ತೂಕ ನೋಡಿಕೋ ಎಂದಳು. ತಕ್ಕಡಿ ತರಕಾರಿಗೆ, ದರ್ಜಿಗೆ ಬಟ್ಟೆಯೇ ಪ್ರಮಾಣ ಎಂದೆ. ಕೋಟಿನ ಗುಂಡಿ ಹಾಕಲಾಗದಿದ್ದರೆ ಜನ್ಮದಲ್ಲಿ ಬಾಟಲಿ ಮುಟ್ಟುವುದಿಲ್ಲವೆಂದು ಶಪಥವನ್ನೂ ಮಾಡಿಬಿಟ್ಟೆ. ಅಂಗಡಿಯಲ್ಲಿ ಎದುರಿನ ಮಿಷನ್ನಿನಲ್ಲಿ ಕೂರುವ ನನ್ನಾಕೆ ಮಾತ್ರ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಆ ದಿನ ಬಂತು. ಕೋಟು ತೊಟ್ಟೆ. ಗುಂಡಿಗೂ ಕಾಜಾಕ್ಕೂ ನಡುವೆ ಅಂಗೈಯಗಲ ಬಯಲು. ಉಸಿರು ಬಿಗಿಹಿಡಿದೆ, ಗೋಡೆಗೆ ಒರಗಿದೆ, ಬಯಲು ಬಯಲಾಗಿಯೇ ಉಳಿಯಿತು. ಪೆಟ್ಟಿಗೆಯಲ್ಲಿದ್ದು ಬಟ್ಟೆ ಕುಗ್ಗಿದೆ ಎಂದೆ.

"ಪ್ಯಾಂಟು ಯಾಕೆ ಕುಗ್ಗಿಲ್ಲ ಅಂತ ಅಮ್ಮನ್ನ ಕೇಳು" ಎಂದಳು ಮಗಳು.

ಪ್ಯಾಂಟು ಕಳಚಿ, ಒಳಮಗ್ಗುಲು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಬಿಚ್ಚಿದ ಹಳೆಯ ಹೊಲಿಗೆಗಳ ಗುರುತು ಒಂದರ ಪಕ್ಕ ಒಂದು, ಕಟ್ಟಕಡೆಯ ಅಂಚಿನಲ್ಲಿ ಹೊಸ ದಾರ. ಒಳಗೆ ಮಡಿಚಿಟ್ಟಿದ್ದ ಹೆಚ್ಚುವರಿ ಬಟ್ಟೆಯೆಲ್ಲ ಖಾಲಿ. ಊರಿನ ಸೊಂಟ ಅಳೆಯುವವನಿಗೆ ಇದು ಕಂಡಿರಲಿಲ್ಲ.

"ನೀವೇ ಅಲ್ವಾ ಹೇಳ್ಕೊಟ್ಟಿದ್ದು?" ಎಂದಳು ನನ್ನಾಕೆ. "ದಪ್ಪ ಆಗಿದ್ದೀರಿ ಅಂತ ಗಿರಾಕಿಗೆ ಹೇಳ್ಬಾರ್ದು, ಸುಮ್ನೆ ಬಿಚ್ಚಿ ಸಡಿಲ ಮಾಡ್ಕೊಡ್ಬೇಕು ಅಂತ. ಅರ್ಧ ಊಟಕ್ಕೇ ಏಳೋರಿಗೆ ಹೇಳೋಕೆ ನಂಗೂ ಮನಸ್ಸು ಬರ್ಲಿಲ್ಲ."

ಹಾಗಾದರೆ ಕೋಟನ್ನೂ ಬಿಚ್ಚಬಾರದಿತ್ತೇ ಎಂದು ಗೋಗರೆದೆ. ಬಿಚ್ಚಲು ಅದರಲ್ಲಿ ಬಟ್ಟೆ ಎಲ್ಲಿದೆ ಎಂದಳು. ನಿಜ. ಮದುವೆಯ ಹುರುಪಿನಲ್ಲಿ, ಈ ಸೊಂಟ ಶಾಶ್ವತ ಎಂದುಕೊಂಡು ಒಂದು ನೂಲೂ ಹೆಚ್ಚಿಗೆ ಬಿಡದೆ ಕತ್ತರಿಸಿದ ಮಹಾನುಭಾವ ನಾನೇ.

ಕೊನೆಗೆ ಗುಂಡಿ ಹಾಕದ ಕೋಟಿನಲ್ಲೇ, ದೊಡ್ಡದೊಂದು ಹೂಗುಚ್ಛವನ್ನು ಹೊಟ್ಟೆಗೆ ಅಡ್ಡ ಹಿಡಿದು ಸಭೆಯಲ್ಲಿ ಕುಳಿತೆ. ಮಗಳ ಹೆಸರು ಕರೆದದ್ದೇ ತಡ, ಎಲ್ಲ ಮರೆತು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಹೂಗುಚ್ಛ ನೆಲಕ್ಕೆ ಬಿತ್ತು, ಹೊಟ್ಟೆ ಫೋಟೊಕ್ಕೆ ಬಿತ್ತು. ಆ ಫೋಟೊ ಈಗ ಅಂಗಡಿಯ ಗೋಡೆಯ ಮೇಲಿದೆ. ಅಷ್ಟು ಸಂತೋಷದ ನನ್ನ ಮುಖ ಬೇರೆ ಯಾವ ಫೋಟೊದಲ್ಲೂ ಇಲ್ಲ.

ಕೊಟ್ಟ ಮಾತಿಗೆ ತಪ್ಪಲಿಲ್ಲ. ಈಗ ಹೊಟ್ಟೆತುಂಬ ಊಟ, ಬಾಯಾರಿದರೆ ಬರೀ ನೀರು. ಮೊನ್ನೆ ಪ್ಯಾಂಟು ನಿಜವಾಗಿಯೂ ಜಾರತೊಡಗಿತು. ಎದೆಯುಬ್ಬಿಸಿ ನನ್ನಾಕೆಯ ಬಳಿ ಹೋಗಿ, ಸೊಂಟ ಚಿಕ್ಕದು ಮಾಡಿಕೊಡು ಎಂದೆ. ಮಾಡಿಕೊಟ್ಟಳು. ತಿರುಗಿಸಿ ನೋಡಿದರೆ ಕೈಯಲ್ಲಿ ಉದ್ದುದ್ದ ಹಾಕಿದ ಕಚ್ಚಾ ಹೊಲಿಗೆ. ಮಿಷನ್ನಿನಲ್ಲಿ ಗಟ್ಟಿಯಾಗಿ ಹಾಕಬಾರದೇ ಎಂದು ಕೇಳಿದೆ.

"ಇರ್ಲಿ ಬಿಡಿ" ಎಂದಳು, ಹಲ್ಲಿನಲ್ಲಿ ದಾರ ಕತ್ತರಿಸುತ್ತಾ. "ಬಿಚ್ಚೋಕೆ ಸುಲಭ ಆಗುತ್ತೆ."