ವೈಜಯಂತಿಯ ಬಲಗಾಲು

"ಇವತ್ತು ನನ್ನ ಬಾಯಿಂದ ಆ ಸೀರಿಯಲ್ಲಿನ ಒಂದಕ್ಷರ ಹೊರಗೆ ಬಂದ್ರೆ, ನನ್ನ ಹೆಸರು ಮಂಗಳಗೌರಿ ಅಲ್ಲ ಅಂತ ತಿಳ್ಕೊಳಿ!"

ಭಾನುವಾರ ಬೆಳಗ್ಗೆ, ನಂಜನಗೂಡಿನ ತಮ್ಮ ಅಡುಗೆಮನೆಯಲ್ಲಿ, ಸೌಟನ್ನು ಖಡ್ಗದ ಹಾಗೆ ಎತ್ತಿ ಹಿಡಿದು ಮಂಗಳಗೌರಿ ಮಾಡಿದ ಭೀಷ್ಮಪ್ರತಿಜ್ಞೆ ಇದು. ಎದುರಿಗೆ ನಿಂತು ಕೇಳಿಸಿಕೊಂಡವರು ಇಬ್ಬರು. ಒಬ್ಬರು ಗಂಡ ಶಿವಸ್ವಾಮಿ, ಬಜಾರಿನಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಇನ್ನೊಬ್ಬಳು ಮಗಳು ಶಿವರಂಜನಿ. ಅವಳನ್ನು ನೋಡಲು ಇನ್ನು ಸ್ವಲ್ಪ ಹೊತ್ತಿಗೆ ನರಸೀಪುರದಿಂದ ಗಂಡಿನ ಕಡೆಯವರು ಬರುವವರಿದ್ದರು.

"ಅಮ್ಮ, ಸೌಟಿಂದ ಹೂರಣ ಬೀಳ್ತಿದೆ," ಎಂದಳು ಶಿವರಂಜನಿ.

"ಹೋದ್ಸಲ ಬಿಳಿಗೆರೆಯೋರು ಬಂದಾಗ್ಲೂ ಹಿಂಗೇ ಆಣೆ ಇಟ್ಟಿದ್ದೆ ಕಣೆ," ಎಂದರು ಶಿವಸ್ವಾಮಿ. "ಹುಡುಗನ ಅಪ್ಪ ಕಾಫಿ ಲೋಟ ಎತ್ತೋದ್ರೊಳಗೆ, ಆ ಸೀರಿಯಲ್ಲಿನ ವೈಜಯಂತಿ ಮನೆ ಬಿಟ್ಟು ಹೋದ ಕತೆ ಶುರು ಮಾಡ್ಬಿಟ್ಟೆ. ಅವಳು ವಾಪಸ್ ಮನೆಗೆ ಬರೋ ಹೊತ್ತಿಗೆ ಬಿಳಿಗೆರೆಯೋರ ಬಸ್ಸೇ ಹೊರಟೋಗಿತ್ತು!"

"ಅವರಿಗೆ ಅಭಿರುಚಿ ಇರ್ಲಿಲ್ಲ ಬಿಡಿ!"

"ಈ ಸಂಬಂಧ ಕೈತಪ್ಪಿದ್ರೆ ನೋಡಮ್ಮ," ಎಂದಳು ಮಗಳು. ಸ್ವರ ಮೆಲ್ಲಗಿತ್ತು, ಕಣ್ಣು ಮಾತ್ರ ಬೇಡುತ್ತಿತ್ತು. ಹುಡುಗ ಗುರುಪ್ರಸಾದ್ ಹಾಲಿನ ಡೈರಿಯಲ್ಲಿ ಸೂಪರ್‌ವೈಸರ್. ಫೋಟೊ ಬಂದ ದಿನದಿಂದ ಇಬ್ಬರೂ ಫೋನಿನಲ್ಲಿ ಮಾತಾಡಿ ಮಾತಾಡಿ, ಒಳಗೊಳಗೇ ಒಪ್ಪಿಕೊಂಡಾಗಿತ್ತು. ಹಿರಿಯರು ಒಪ್ಪುವುದೊಂದೇ ಬಾಕಿ. ಮಂಗಳಗೌರಿಗೂ ಅದು ಗೊತ್ತು. ಗೊತ್ತಿದ್ದೇ ಅಷ್ಟು ದೊಡ್ಡ ಪ್ರತಿಜ್ಞೆ.

ಆ ಸೀರಿಯಲ್ಲಿನ ಹೆಸರು 'ಎಂಟು ಕಂಬದ ಮನೆ'. ಶಿವರಂಜನಿ ಹುಟ್ಟಿದ ವರ್ಷ ಶುರುವಾದ ಧಾರಾವಾಹಿ. ಅದು ಬರುವ ಹೊತ್ತಿಗೆ ಬೀದಿಯಲ್ಲಿ ನಾಯಿ ಬಿಟ್ಟರೆ ಮತ್ತೊಂದು ಜೀವ ಕಾಣುತ್ತಿರಲಿಲ್ಲ! ಸೊಸೆ ವೈಜಯಂತಿ, ಅತ್ತೆ ಪದ್ಮಾವತಮ್ಮ. ವೈಜಯಂತಿ ಅತ್ತ ದಿನ ಮಂಗಳಗೌರಿ ಊಟ ಬಿಡುತ್ತಿದ್ದರು, ಪದ್ಮಾವತಮ್ಮ ನಕ್ಕ ದಿನ ಪಾತ್ರೆ ಎತ್ತಿ ಕುಕ್ಕುತ್ತಿದ್ದರು. ಈಗ ಯಾರೋ ಪುಣ್ಯಾತ್ಮರು ಹಳೆಯ ಸಂಚಿಕೆಗಳನ್ನೆಲ್ಲ ಹುಡುಕಿ ತಂದು ದಿನಾ ಹನ್ನೊಂದು ಗಂಟೆಗೆ ಯೂಟ್ಯೂಬಿಗೆ ಹಾಕುತ್ತಿದ್ದಾರೆ. ಫೇಸ್‌ಬುಕ್ಕಿನಲ್ಲಿ ಅಭಿಮಾನಿಗಳ ಬಳಗವೂ ಹುಟ್ಟಿಕೊಂಡಿದೆ. ವೈಜಯಂತಿ ಉಟ್ಟ ಸೀರೆಯ ಬಣ್ಣ, ಬಾವಿಕಟ್ಟೆಯ ಮೇಲೆ ಅವಳು ಅತ್ತ ಸಂಜೆ, ಮಾವನವರು ಬೆಲ್ಲ ಕದ್ದು ತಿಂದ ಪ್ರಸಂಗ ಎಲ್ಲವನ್ನೂ ಜನ ನೆನೆಸಿಕೊಂಡು ನೆನೆಸಿಕೊಂಡು ಬರೆಯುತ್ತಾರೆ. ಮಂಗಳಗೌರಿ ಅಲ್ಲಿ 'ಕಪಿಲಾ ತೀರ' ಎಂಬ ಹೆಸರಿನಲ್ಲಿ ರಾರಾಜಿಸುತ್ತಿದ್ದರು. ಸ್ವಂತ ಹೆಸರು ಹಾಕಿದರೆ ಗೊಬ್ಬರದ ಅಂಗಡಿಯ ಮರ್ಯಾದೆ ಹೋಗುತ್ತದೆಂದು ಗಂಡ ಕೈಮುಗಿದು ಕೇಳಿಕೊಂಡಿದ್ದರು.

ಬಳಗದಲ್ಲಿ ಎಲ್ಲರೂ ಅಕ್ಕ ತಂಗಿಯರಂತೆ ಇದ್ದರು. ಒಬ್ಬರನ್ನು ಬಿಟ್ಟು! ಆ ಒಬ್ಬರ ಹೆಸರು 'ಮಲ್ಲಿಗೆ ಮೊಗ್ಗು'. ಜಗಳವೆಲ್ಲ ಮೊದಲನೇ ಸಂಚಿಕೆಯದು. ಮದುವೆಯಾಗಿ ಬಂದ ವೈಜಯಂತಿ ಹೊಸಿಲ ಮೇಲಿನ ಅಕ್ಕಿ ಸೇರನ್ನು ಒದ್ದು ಮನೆಯೊಳಗೆ ಬರುತ್ತಾಳಲ್ಲ, ಯಾವ ಕಾಲಲ್ಲಿ ಒದ್ದಳು? ಬಲಗಾಲಲ್ಲಿ ಒದೆಯುವುದು ಪದ್ಧತಿ. ಅವಳು ಒದ್ದದ್ದು ಎಡಗಾಲಲ್ಲಿ, ಆ ಮನೆ ಹಾಳಾದದ್ದೇ ಅದರಿಂದ ಎಂದು ಮಲ್ಲಿಗೆ ಮೊಗ್ಗಿನ ವಾದ. ಬಲಗಾಲೇ, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಕಪಿಲಾ ತೀರದ ಗುಡುಗು. ನೋಡಿ ತೀರ್ಮಾನ ಮಾಡೋಣವೆಂದರೆ ಆ ಒಂದು ಸಂಚಿಕೆ ಮಾತ್ರ ಯಾರ ಹತ್ತಿರವೂ ಇಲ್ಲ. ಟೇಪು ಹಾಳಾಗಿ ಹೋಗಿದೆಯಂತೆ.

"ನನಗಿಂತ ಚೆನ್ನಾಗಿ ಯಾರಿಗೆ ನೆನಪಿದೆ?" ಎಂದು ಮಂಗಳಗೌರಿ ಬರೆದಿದ್ದರು. "ಮೊದಲ ದಿನ ಸೀರಿಯಲ್ಲಿನ ಹೆಸರನ್ನ ಅದೇನೋ ಹೊಸಾ ಡಿಸೈನ್ ಅಕ್ಷರದಲ್ಲಿ ಹಾಕಿದ್ರು. ಓದೋಕೇ ಆಗ್ತಿರ್ಲಿಲ್ಲ. ನಿಮಗೆ ಅದಾದ್ರೂ ನೆನಪಿದ್ಯಾ?"

ಜಗಳ ಏರುತ್ತ ಏರುತ್ತ ಕೊನೆಗೆ ಕಪಿಲಾ ತೀರ, "ನಿಮ್ಮಂಥ ಅತ್ತೆ ಇರೋ ಮನೆಗೆ ಹೆಣ್ಣಿರ್ಲಿ, ನಮ್ಮನೆ ಬೆಕ್ಕಿನ ಮರೀನೂ ಕೊಡಲ್ಲ!" ಎಂದು ಬರೆಯಿತು. ಮಲ್ಲಿಗೆ ಮೊಗ್ಗು, "ನಿಮ್ಮಂಥೋರ ಮಗಳನ್ನ ತಂದ್ಕೊಳ್ಳೋರ ಪಾಡು ಆ ಶಿವನೇ ನೋಡ್ಕೋಬೇಕು!" ಎಂದಿತು. ಅದಾಗಿ ಇನ್ನೂ ವಾರ ಕಳೆದಿರಲಿಲ್ಲ.

ಗಂಡಿನ ಕಡೆಯವರು ಬಂದರು. ಹುಡುಗನ ತಂದೆ ಗಂಗಾಧರಸ್ವಾಮಿ ಬೆಳ್ಳನೆ ಪಂಚೆ, ಬೆಳ್ಳನೆ ಅಂಗಿ, ಬೆಳ್ಳನೆ ನಗು. ತಾಯಿ ವಾಣಿಯವರು ಮಾತ್ರ ಬಿಗಿದುಕೊಂಡ ಮುಖ, ಅಳೆದು ತೂಗಿ ಮಾತು. ಹುಡುಗ ಸೋಫಾದ ತುದಿಯಲ್ಲಿ ಕೂತು, ಅಡುಗೆಮನೆ ಬಾಗಿಲಿನ ಕಡೆಗೇ ಕಣ್ಣು ನೆಟ್ಟಿದ್ದ. ಮೂಲೆಯ ಕುರ್ಚಿಯಲ್ಲಿ ಶಿವಸ್ವಾಮಿಯವರ ತಾಯಿ ಸಿದ್ದಲಿಂಗಮ್ಮ, ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ.

ಉಪ್ಪಿಟ್ಟು ಬಂತು, ಕೇಸರಿಬಾತು ಬಂತು, ರಸಬಾಳೆಹಣ್ಣು ಬಂತು, ಕಾಫಿ ಬಂತು. ಒಳಗೆ ಒಬ್ಬಟ್ಟು, ಕೋಸಂಬರಿ, ಅನ್ನ, ಸಾರು ಎಲ್ಲ ಸಿದ್ಧವಾಗಿತ್ತು. ಆದರೆ ಅದನ್ನು ಬಡಿಸುವಂತಿಲ್ಲ. ಮಾತು ಕೂಡದೆ ಗಂಡಿನವರು ಹೆಣ್ಣಿನ ಮನೆಯಲ್ಲಿ ಊಟಕ್ಕೆ ಕೂರುವುದಿಲ್ಲ. ಎಲೆ ಮುಂದೆ ಕೂತರೆ ಸಂಬಂಧ ಒಪ್ಪಿದಂತೆ. ಹಾಗಾಗಿ ತೊಳೆದು ಒರೆಸಿದ ಬಾಳೆಎಲೆಗಳು ಅಡುಗೆಮನೆಯಲ್ಲಿ ಕಾಯುತ್ತಿದ್ದವು. ಶಿವರಂಜನಿಯೂ ಕಾಯುತ್ತಿದ್ದಳು.

ಮಂಗಳಗೌರಿ ತುಟಿ ಹೊಲಿದುಕೊಂಡು ಕೂತಿದ್ದರು. ಮಳೆ ಬೆಳೆಯ ಮಾತಾಯಿತು, ಹಾಲಿನ ರೇಟಿನ ಮಾತಾಯಿತು. ಶಿವಸ್ವಾಮಿ ಹೆಂಡತಿಯ ಕಡೆ ನೋಡಿ ಮೆಚ್ಚಿ ತಲೆದೂಗಿದರು. ಅಷ್ಟರಲ್ಲಿ ಗಂಟೆ ಹನ್ನೊಂದಾಯಿತು.

ಮಂಗಳಗೌರಿಯ ಸೆರಗಿನ ಮರೆಯಿಂದ 'ಎಂಟು ಕಂಬದ ಮನೆ'ಯ ನಾದಸ್ವರ ಪೀ ಪೀ ಎಂದು ಹೊಡೆದುಕೊಂಡಿತು. ಹೊಸ ಸಂಚಿಕೆ ಬಂದಿದೆ ಎಂದು ಫೋನು ಸಾರುವ ಕ್ರಮ ಅದು. ಶಿವಸ್ವಾಮಿಯವರ ಮುಖ ಬಿಳುಚಿಕೊಂಡಿತು. ಮಂಗಳಗೌರಿ ಗಡಬಡಿಸಿ ಅದರ ಬಾಯಿ ಮುಚ್ಚಿದರು. ನಾದಸ್ವರ ನಿಲ್ಲಲಿಲ್ಲ! ವಾಣಿಯವರ ವ್ಯಾನಿಟಿ ಬ್ಯಾಗಿನೊಳಗಿಂದ ಅದೇ ಪೀ ಪೀ!

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ನಿಮ್ದೂನಾ?" ಎಂದರು ವಾಣಿ. ಆ ಬಿಗಿದ ಮುಖ ಹಂಗೇ ಅರಳಿಬಿಟ್ಟಿತು.

"ನೀವೂ ನೋಡ್ತೀರಾ?" ಎಂದರು ಮಂಗಳಗೌರಿ. ಪ್ರತಿಜ್ಞೆ ಕಪಿಲೆಯ ಪಾಲಾಯಿತು.

"ನೋಡೋದಾ? ಮಾವನೋರು ಬೆಲ್ಲ ಕದ್ದಿದ್ದು ಮೊನ್ನೆ ಬಂತಲ್ರೀ, ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡೆ!"

"ಬಾವಿಕಟ್ಟೇದು?"

"ಅಯ್ಯೋ, ಅದನ್ನ ನೆನೆಸ್ಬೇಡಿ ಕಣ್ರೀ, ಈಗ್ಲೂ ಅಳು ಬತ್ತದೆ!"

ಬಂತು ಕೂಡ. ಇಬ್ಬರೂ ಕೈ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡರು. ವಾಣಿ ಒಂದು ದೃಶ್ಯ ಹೇಳಿದರೆ ಮಂಗಳಗೌರಿ ಅದರ ಮುಂದಿನ ಮಾತು ಒಪ್ಪಿಸುತ್ತಿದ್ದರು. ಗಂಗಾಧರಸ್ವಾಮಿ ಬೆರಗಾಗಿ, "ನಮ್ಮನೇಲಿ ಇವ್ಳು ಇಷ್ಟು ನಕ್ಕಿದ್ದೇ ನಾ ಕಂಡಿಲ್ಲ ಸ್ವಾಮಿ," ಎಂದು ಶಿವಸ್ವಾಮಿಯವರ ಕಿವಿಯಲ್ಲಿ ಹೇಳಿದರು. ವಾಣಿ ತಿರುಗಿ, "ರೀ, ಇನ್ನೇನ್ ನೋಡ್ತೀರಿ? ಇಂಥ ಬೀಗ್ರು ಎಲ್ಲಿ ಸಿಕ್ತಾರೆ? ಎಲೆ ಹಾಕ್ಸಿ ಅನ್ನಿ!" ಎಂದರು.

ಅಡುಗೆಮನೆಯಲ್ಲಿ ಶಿವರಂಜನಿ ಎಲೆ ಎತ್ತಿಕೊಂಡೇಬಿಟ್ಟಳು.

"ಎಲ್ಲಾ ಸರಿ," ಎಂದು ವಾಣಿ ನಿಟ್ಟುಸಿರಿಟ್ಟರು. "ಆ ವೈಜಯಂತಿ ಒಬ್ಳು ಎಡಗಾಲಲ್ಲಿ ಸೇರು ಒದೀದೆ ಇದ್ದಿದ್ರೆ, ಆ ಮನೆ ಎಷ್ಟು ಚೆನ್ನಾಗಿರ್ತಿತ್ತು!"

ಮಂಗಳಗೌರಿಯ ಕೈ ಮೆಲ್ಲಗೆ ಬಿಡಿಸಿಕೊಂಡಿತು.

"ಯಾವ ಕಾಲು ಅಂದ್ರಿ?"

"ಎಡಗಾಲು."

"ಬಲಗಾಲು ಕಣ್ರೀ."

"ಎಡಗಾಲ್ರೀ! ಎಲ್ಲಾರ್ಗೂ ಗೊತ್ತು. ಬಳಗದಲ್ಲಿ ಯಾರೋ ಒಬ್ಳು ಕಪಿಲಾ ತೀರ ಅಂತ ಇದ್ದಾಳೆ, ತಲೆ ಕೆಟ್ಟೋಳು, ಅವ್ಳೊಬ್ಳೇ..."

"ನೀವಾ ಮಲ್ಲಿಗೆ ಮೊಗ್ಗು!"

"ನೀವಾ ಕಪಿಲಾ ತೀರ!"

ಇಬ್ಬರೂ ಒಟ್ಟಿಗೆ ಎದ್ದು ನಿಂತರು. ಶಿವಸ್ವಾಮಿ ಅಷ್ಟರಲ್ಲೇ ಕಣ್ಣು ಮುಚ್ಚಿ ಶ್ರೀಕಂಠೇಶ್ವರನಿಗೆ ಮೊರೆ ಇಟ್ಟಾಗಿತ್ತು.

"ಬೆಕ್ಕಿನ ಮರೀನೂ ಕೊಡಲ್ಲ ಅಂದೋರು ಮಗಳನ್ನ ಹೆಂಗ್ರೀ ಕೊಡ್ತೀರಿ?" ಎಂದರು ವಾಣಿ.

"ಶಿವನೇ ನೋಡ್ಕೋಬೇಕು ಅಂದೋರು ಹೆಂಗ್ ಕೇಳೋಕ್ ಬಂದ್ರಿ?" ಎಂದರು ಮಂಗಳಗೌರಿ.

"ಅಮ್ಮ!" ಎಂದ ಗುರುಪ್ರಸಾದ್.

"ಅಮ್ಮ!" ಎಂದಳು ಎಲೆ ಹಿಡಿದೇ ಓಡಿಬಂದ ಶಿವರಂಜನಿ. "ಅದು ಸೀರಿಯಲ್ಲು. ಇದು ನನ್ನ ಮದುವೆ!"

ಕೇಳುವವರು ಯಾರು? ವಾಣಿ ಬ್ಯಾಗು ಹೆಗಲಿಗೇರಿಸಿದರು. "ಏಳ್ರೀ, ಹೊರಡಾನ. ಈ ಸಂಬಂಧ ನಮ್ಗೆ ಬೇಡ. ಆದ್ರೆ ಹೋಗೋಕ್ಮುಂಚೆ ಒಂದು ತೋರಿಸ್ಬಿಟ್ಟೇ ಹೋಗ್ತೀನಿ. ತನ್ರೀ ಒಂದು ಸೇರು ಅಕ್ಕಿ!"

"ತತ್ತೀನಿ! ನಮ್ಮನೇಲಿ ಅಕ್ಕಿಗೇನು ಬರ ಇಲ್ಲ!" ಎಂದು ಮಂಗಳಗೌರಿ ಹಿತ್ತಾಳೆ ಸೇರಿನ ತುಂಬ ಅಕ್ಕಿ ತುಂಬಿ ತಂದು, ತಲೆಬಾಗಿಲ ಹೊಸಿಲ ಮೇಲೆ ದಢಕ್ಕನೆ ಇಟ್ಟರು.

ವಾಣಿ ಹೊಸಿಲ ಆಚೆ ಹೋಗಿ ನಿಂತರು. ಅಕ್ಕಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಇಣುಕಿದರು. "ನೋಡ್ಕೊಳಿ! ಬಲಗೈಲಿ ಹಿಂಗೆ ನೆರಿಗೆ ಎತ್ತಿದ್ಲು. ಬಲಗಾಲು ನೆರಿಗೇಲಿ ಸಿಕ್ಕಾಕ್ಕೊಂಡ್ತು. ಆಗ ಎಡಗಾಲು ಹಿಂಗೆ..."

ಒದ್ದರು! ವಾರದ ಸಿಟ್ಟೆಲ್ಲ ಆ ಕಾಲಿನಲ್ಲಿತ್ತು. ಸೇರು ಠಣ್ಣೆಂದು ಹಾರಿ, ನಡುಮನೆ ತುಂಬ ಅಕ್ಕಿ ಚೆಲ್ಲಿ, ಉರುಳಿ ಉರುಳಿ ಹೋಗಿ ಗಂಗಾಧರಸ್ವಾಮಿಯವರ ಮೊಣಕಾಲಿನ ಕೆಳಗೆ ಬಡಿಯಿತು. ಅವರ ಕೈಯ ಕಾಫಿ ಬೆಳ್ಳನೆ ಪಂಚೆಗೆ ಅಭಿಷೇಕವಾಯಿತು. ಒದ್ದ ರಭಸಕ್ಕೆ ವಾಣಿಯವರೂ ಹೊಸಿಲು ದಾಟಿ, ಅಕ್ಕಿಯ ಮೇಲೆ ಜಾರಿ, ಮಂಗಳಗೌರಿಯ ತೋಳಿಗೆ ಬಂದು ಬಿದ್ದರು.

ಶಿವರಂಜನಿ ಗೋಡೆಗೊರಗಿ ಅಳುತ್ತಿದ್ದಳು. ಆ ಬಿಕ್ಕು ಕೇಳಿದ್ದೇ ತಡ, ಮಂಗಳಗೌರಿ ವಾಣಿಯವರನ್ನು ಬಿಟ್ಟು ಮಗಳ ಕಡೆ ತಿರುಗಿದರು. ಒಂದು ಕಾಲಿನ ಮಾತಿಗೆ ಮಗಳ ಬಾಳಿಗೇ ಕಲ್ಲು ಹಾಕಿದೆನಲ್ಲ ಎಂದು ನಾಚಿಕೆಯೂ ಸಂಕಟವೂ ಒಟ್ಟಿಗೇ ಒತ್ತಿಕೊಂಡು ಬಂದವು.

ಆಗ ಮೂಲೆಯಿಂದ ಸಿದ್ದಲಿಂಗಮ್ಮನವರ ದನಿ ಬಂತು. ಎಲೆಯಡಿಕೆ ಉಗಿದು, ಕೋಲೂರಿ ಎದ್ದು ಬಂದಿದ್ದರು.

"ಏನವ್ವಾ, ಅಕ್ಕಿ ಸೇರು ಒದ್ದು ಒಳೀಕ್ ಬಂದ್ಯಲ್ಲ ನೀನು?"

"ಅದು... ತೋರ್ಸೋಕೆ ಅಂತ..." ಎಂದರು ವಾಣಿ.

"ಯಾತಕ್ಕಾರ ಒದಿ. ಸೇರು ಒದ್ದು ಒಸ್ಲು ದಾಟ್ದೋಳು ಈ ಮನೇವ್ಳೇ ಕಣವ್ವಾ. ನಮ್ಮನೇವ್ಳು ಉಣ್ದೆ ಎದ್ದೋಗೋದುಂಟಾ? ಈ ಮನೇವ್ಳಾದ್ಮೇಲೆ ಈ ಮನೆ ಸಂಬಂಧ ನೀನೇ ಮುರಿಯೋದುಂಟಾ? ರಂಜೂ, ಅಳೋದ್ ಬುಟ್ಟು ಎಲೆ ಆಕವ್ವಾ!"

ಮೊದಲು ನಕ್ಕವರು ಗಂಗಾಧರಸ್ವಾಮಿ. "ಅಮ್ಮಾವ್ರು ಸರಿಯಾಗೇ ಅಂದ್ರು! ಹುಡ್ಗೀನ ಕರ್ಕೊಂಡೋಗೋಕ್ ಬಂದು ಹೆಂಡ್ತೀನೇ ಒಪ್ಪಿಸ್ಬಿಟ್ನಲ್ಲ ಸ್ವಾಮಿ!" ಎಂದರು. ವಾಣಿಯವರ ತುಟಿ ಬಿಗಿಹಿಡಿದು, ಬಿಗಿಹಿಡಿದು, ಕೊನೆಗೆ ಕಿಸಕ್ಕೆಂದಿತು. ಮಂಗಳಗೌರಿ, "ತಪ್ಪಾಯ್ತು ಕಣ್ರೀ. ಬೆಕ್ಕಿನ ಮರೀನೂ ಕೊಡ್ತೀನಿ, ಮಗಳನ್ನೂ ಕೊಡ್ತೀನಿ!" ಎಂದು ಅವರನ್ನು ತಬ್ಬಿಕೊಂಡರು. ಗುರುಪ್ರಸಾದ್ ಯಾರೂ ಹೇಳದಿದ್ದರೂ ಪೊರಕೆ ಹಿಡಿದು ಅಕ್ಕಿ ಗುಡಿಸತೊಡಗಿದ.

ಎಲೆ ಬಿದ್ದವು. ಒಬ್ಬಟ್ಟಿನ ಮೇಲೆ ತುಪ್ಪ ಬಿತ್ತು.

"ಆದ್ರೂ ಎಡಗಾಲೇ," ಎಂದರು ವಾಣಿ, ನಗುತ್ತ.

"ಬಲಗಾಲೇ," ಎಂದರು ಮಂಗಳಗೌರಿ, ಅವರೂ ನಗುತ್ತ. "ಕಣ್ಣಾರೆ ನೋಡಿದೀನಿ. ರಂಜು ಹುಟ್ಟಿ ಇನ್ನೂ ಬಾಣಂತಿ ನಾನು. ನಮ್ಮಮ್ಮ ಇರ್ಲಿಲ್ಲ, ಅತ್ತೇನೇ ಬಾಣಂತನ ಮಾಡಿದ್ದು. ಆ ಕೋಣೇಲಿ ಮಲಗಿದ್ದೆ..."

"ಕ್ವಾಣೇಲಿ ಟಿವಿ ಎಲ್ಲಿತ್ತವ್ವಾ?" ಎಂದರು ಸಿದ್ದಲಿಂಗಮ್ಮ. "ಟಿವಿ ಇದ್ದುದ್ದು ನಡುಮನೇಲಿ. ಬಾಣ್ತಿ ಕಣ್ಣಿಗೆ ಅದ್ರ ಬೆಳಕು ಬೀಳ್ಬಾರ್ದು, ಈಚೆಗೆ ಬರ್ಬ್ಯಾಡ ಅಂದೆ. ನೋಡ್ಲೇಬೇಕು ಅಂತ ಮಗೀನಂಗೆ ಅಳ್ತಾ ಕುಂತೆ ನೀನು. ಅಯ್ಯೋ ಪಾಪ ಅನ್ನುಸ್ತು ನಂಗೆ. ಅದ್ಕೇ ಸಿವು ಕೈಲಿ ಬೀರು ತಿರುಗ್ಸಿ, ಅದ್ರ ಕನ್ನಡೀಲಿ ತೋರ್ಸುದ್ನಲ್ಲ."

ಮಂಗಳಗೌರಿಯ ಕೈಯ ಒಬ್ಬಟ್ಟು ಬಾಯಿಗೂ ಎಲೆಗೂ ನಡುವೆ ನಿಂತಿತು.

"ಕನ್ನಡೀಲಾ..." ಎಂದರು ಮೆಲ್ಲಗೆ. ಎದ್ದು ಕೋಣೆಗೆ ಹೋದರು. ಬೀರುವಿನ ಮುಂದೆ ನಿಂತು ಎಡಗಾಲು ಎತ್ತಿದರು. ಕನ್ನಡಿಯೊಳಗಿನ ಮಂಗಳಗೌರಿ ಬೇಕೆಂದೇ ಬಲಗಾಲು ಎತ್ತಿ ಅಣಕಿಸಿದಳು. ಆ ಓದಲಾಗದ ಹೊಸಾ ಡಿಸೈನ್ ಅಕ್ಷರದ ಗುಟ್ಟೂ ಆಗಲೇ ಹೊಳೆಯಿತು!

ಇಷ್ಟು ವರ್ಷ ಸೊಸೆಯ ಪಕ್ಷ ವಹಿಸಿ ಅತ್ತೆಯರಿಗೆಲ್ಲ ಶಾಪ ಹಾಕಿದ್ದೇ ಹಾಕಿದ್ದು. ಆ ಸೊಸೆಯನ್ನು ತೋರಿಸಿದವರೂ ಒಬ್ಬ ಅತ್ತೆಯೇ ಎಂಬುದು ಮರೆತೇ ಹೋಗಿತ್ತು. ಹೊರಗೆ ಬಂದು ಸಿದ್ದಲಿಂಗಮ್ಮನವರ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದರು. ಆಮೇಲೆ ವಾಣಿಯವರ ಪಕ್ಕ ಕೂತು ಪಿಸುಗುಟ್ಟಿದರು.

"ಎಡಗಾಲೇ ಕಣ್ರೀ. ದಮ್ಮಯ್ಯ ಅಂತೀನಿ, ಬಳಗದಲ್ಲಿ ಮಾತ್ರ ನನ್ನ ಹೆಸರು ಹಿಡಿದು ಹೇಳ್ಬೇಡಿ."

ತುಪ್ಪದ ಗಿಂಡಿ ಹಿಡಿದು ಬಂದ ಶಿವಸ್ವಾಮಿಗೆ ಅದು ಕೇಳಿಸಿತು.

"ಹೇಳಿದ್ರೂ ಚಿಂತೆ ಇಲ್ಲ ಕಣಮ್ಮ," ಎಂದರು ಬೀಗಿತ್ತಿಗೆ, ಧಾರಾಳವಾಗಿ ತುಪ್ಪ ಬಡಿಸುತ್ತ. "ಇವತ್ತು ಹನ್ನೊಂದು ಗಂಟೆಯಿಂದ ಇವಳ ಹೆಸರು ಮಂಗಳಗೌರಿ ಅಲ್ಲ!"